ಮೂವತ್ತೇಳು ಭಂಗಿಗಳ ಮೇಷ್ಟ್ರು

ನ್ಯೂಯಾರ್ಕ್, ಸಿಂಗಪುರ, ಕ್ವಾಲಾಲಂಪುರದಂಥ ಊರುಗಳಲ್ಲಿರುವ ಕನ್ನಡಿಗರು ಬೆಳಗಿನ ವಾಕಿಂಗಿಗೆ ಹೋದಾಗ ಪಾರ್ಕಿನ ಮೂಲೆಯಲ್ಲಿ ನಿಧಾನವಾಗಿ ಕೈಕಾಲು ಆಡಿಸುವ ಗುಂಪುಗಳನ್ನು ನೋಡಿರುತ್ತಾರೆ. ಎಲ್ಲವೂ ತಾಯ್ ಚಿಯೇ, ಅಂದರೆ ನಿಧಾನ ಚಲನೆಯ ಚೀನೀ ಸಮರಕಲೆಯೇ, ಆದರೆ ಎಲ್ಲವೂ ಒಂದೇ ಅಲ್ಲ. ಬೆನ್ನು ಪೂರ್ತಿ ನೆಟ್ಟಗಿದೆ, ಹೆಜ್ಜೆ ಗಿಡ್ಡ, ಅಂಗೈ ಮುಂದಕ್ಕೆ ಚಾಚಿದಾಗಲೂ ಮಣಿಕಟ್ಟು ನೇರ, ಇಡೀ ವರಸೆ ಏಳರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದಾದರೆ ಅದು ಬಹುಮಟ್ಟಿಗೆ ಚೆಂಗ್ ಮನ್‌ಚಿಂಗ್ ಅವರ ಪಾಠ. ಯಾಂಗ್ ಮನೆತನದ ಉದ್ದನೆಯ ವರಸೆಯನ್ನು 37 ಭಂಗಿಗಳಿಗೆ ಇಳಿಸಿದವರು ಇವರು. ಅದಕ್ಕಾಗಿಯೇ ಹೊಗಳಿಸಿಕೊಂಡರು, ಅದಕ್ಕಾಗಿಯೇ ಬೈಸಿಕೊಂಡರು. ಈ 37ರ ಸುತ್ತ ಇಷ್ಟೊಂದು ಗದ್ದಲ ಬೇಕಿರಲಿಲ್ಲ ಎಂಬುದು ನಮ್ಮ ಅನಿಸಿಕೆ. ಏನನ್ನು ಬಿಟ್ಟರು ಎಂಬುದಕ್ಕಿಂತ, ಬಿಟ್ಟ ಮೇಲೆ ಉಳಿದದ್ದರಲ್ಲಿ ಯಾವುದಕ್ಕೆ ಪಟ್ಟು ಹಿಡಿದರು ಎಂಬುದರಲ್ಲಿ ಅವರ ಮೇಷ್ಟರಿಕೆ ಇದೆ.

ಅವರ ಪಾಠದ ಬಹುಪಾಲು ಅವರ ಕಾಯಿಲೆಯಿಂದ ಹುಟ್ಟಿದ್ದು. ಚೆಂಗ್ ಹುಟ್ಟಿದ್ದು 1902ರಲ್ಲಿ, ಚೀನಾದ ಜೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ಸೀಮೆಯಲ್ಲಿ. ತಂದೆ ಬೇಗ ತೀರಿಕೊಂಡರು. ಹುಡುಗನಾಗಿದ್ದಾಗ ಇಟ್ಟಿಗೆ ತಲೆಗೆ ಬಿದ್ದು ಪ್ರಜ್ಞೆ ತಪ್ಪಿತು, ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ತಲೆಗೆ ಹೆಚ್ಚು ಶ್ರಮವಾಗದ ಕೆಲಸ ಎಂದು ಚಿತ್ರಕಾರರೊಬ್ಬರ ಬಳಿ ಬಿಟ್ಟರು. ಅಲ್ಲಿ ಶಾಯಿ ಅರೆಯುತ್ತ, ನೋಡುತ್ತ ಕುಂಚ ಹಿಡಿದ ಹುಡುಗ ಹರೆಯದಲ್ಲೇ ಚಿತ್ರ ಮಾರಿ ಮನೆ ನಡೆಸುವ ಮಟ್ಟಕ್ಕೆ ಬಂದ. ಇಪ್ಪತ್ತರ ಹರೆಯದಲ್ಲಿ ಬೀಜಿಂಗಿನಲ್ಲಿ ಕಾವ್ಯ ಪಾಠ ಹೇಳಿದರು, ಆಮೇಲೆ ಶಾಂಘೈನಲ್ಲಿ ಚಿತ್ರಕಲೆಯ ಪಾಠ. ಚೀನೀ ವೈದ್ಯವನ್ನೂ ಕಲಿತು ಸ್ತ್ರೀರೋಗಗಳಲ್ಲಿ ಹೆಸರು ಮಾಡಿದರು. ಚಿತ್ರ, ಕಾವ್ಯ, ಲಿಪಿಕಲೆ, ವೈದ್ಯ, ತಾಯ್ ಚಿ ಈ ಐದರಲ್ಲೂ ಪಳಗಿದವರು ಎಂದು ಮುಂದೆ ಅವರನ್ನು ಕರೆದರು. ಆದರೆ ಐದನೆಯದು ಅವರು ಹುಡುಕಿಕೊಂಡು ಹೋದ ಕಲೆಯಲ್ಲ, ಕ್ಷಯ ಅಟ್ಟಿಸಿಕೊಂಡು ಹೋಗಿ ಸೇರಿಸಿದ ಜಾಗ. ಕೆಮ್ಮಿನಲ್ಲಿ ರಕ್ತ ಬೀಳುತ್ತಿದ್ದ ಕಾಲದಲ್ಲಿ ಅವರು ತಾಯ್ ಚಿಗೆ ಬಂದರು.

ಗುರು ಸಿಕ್ಕಿದ್ದು ಸಾಮಾನ್ಯರಲ್ಲ. ಯಾಂಗ್ ಚೆಂಗ್‌ಫು (1883–1936) ಎಂದರೆ, ಹೆನಾನ್ ಪ್ರಾಂತ್ಯದ ಚೆನ್ ಹಳ್ಳಿಯಿಂದ ಈ ವಿದ್ಯೆಯನ್ನು ಬೀಜಿಂಗಿಗೆ ತಂದ ಯಾಂಗ್ ಲುಚಾನ್ ಅವರ ಮೊಮ್ಮಗ. ಅವರು ದಕ್ಷಿಣಕ್ಕೆ ಬಂದು ಶಾಂಘೈನಲ್ಲಿ ಕಲಿಸತೊಡಗಿದಾಗ ಚೆಂಗ್ ಶಿಷ್ಯರಾದರು. ಯಾಂಗ್ ಅವರ ಹೆಂಡತಿಯ ಕಾಯಿಲೆ ವಾಸಿಮಾಡಿದ್ದಕ್ಕೆ ಗುರು ಒಳಗಿನ ಸೂಕ್ಷ್ಮಗಳನ್ನು ಬಿಚ್ಚಿ ಹೇಳಿದರು ಎಂಬ ಮಾತು ಚೆಂಗ್ ಪರಂಪರೆಯಲ್ಲಿ ಪ್ರಚಲಿತ. ಬೇರೆ ಶಾಖೆಯವರು ಇದನ್ನು ಕೇಳಿ ನಗುತ್ತಾರೆ. ಆ ಜಗಳ ನಮಗೆ ಬೇಡ.

ಯಾಂಗ್ ಹೆಚ್ಚು ಮಾತಿನ ಮನುಷ್ಯರಲ್ಲ. ಅವರ ಶಿಷ್ಯ ಚೆನ್ ವೈಮಿಂಗ್ ಬರೆದಿಟ್ಟ ಹತ್ತು ಸೂತ್ರಗಳೇ ಆ ಪಾಠದ ಸಾರ: ನೆತ್ತಿ ಹಗುರವಾಗಿ ಮೇಲಕ್ಕೆ, ಎದೆ ಉಬ್ಬಿಸದೆ ಒಳಕ್ಕೆ, ಸೊಂಟ ಸಡಿಲ, ಕಾಲುಗಳಲ್ಲಿ ಭಾರ ಯಾವುದು ಖಾಲಿ ಯಾವುದು ಎಂಬುದು ಸ್ಪಷ್ಟ, ಭುಜ ಮೊಣಕೈ ಕೆಳಕ್ಕೆ, ಬಲದ ಬದಲು ಮನಸ್ಸು, ಹೀಗೆ. ಚೆಂಗ್ ನೆನಪಿಸಿಕೊಳ್ಳುವಂತೆ ಗುರು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದದ್ದು ಒಂದೇ, ಸಡಿಲ ಬಿಡು. ಸಡಿಲ ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ. ಕೇಳಿದವರಿಗೆ ಇದರಿಂದ ಏನೂ ಹೊಳೆಯುವುದಿಲ್ಲ. ಚೆಂಗ್ ಅವರಿಗೂ ವರ್ಷಗಟ್ಟಲೆ ಹೊಳೆಯಲಿಲ್ಲ. ಕೊನೆಗೆ ಒಂದು ರಾತ್ರಿ ಎರಡೂ ತೋಳು ಮುರಿದುಹೋದಂತೆ ಕನಸು ಬಿತ್ತಂತೆ. ಎದ್ದಾಗ, ರಬ್ಬರ್ ದಾರದಲ್ಲಿ ಪೋಣಿಸಿದ ಗೊಂಬೆಯ ಕೈಗಳ ಹಾಗೆ ತನ್ನ ಕೈಗಳು ಭುಜಕ್ಕೆ ನೇತುಬಿದ್ದಿವೆ ಅನ್ನಿಸಿತಂತೆ. ಅಂದಿನಿಂದ ಕೈತಳ್ಳಾಟದಲ್ಲಿ, ಅಂದರೆ ಇಬ್ಬರು ಕೈಗೆ ಕೈ ತಾಗಿಸಿ ಮಾಡುವ ಅಭ್ಯಾಸದಲ್ಲಿ, ಜೊತೆಗಾರರು ಇವರನ್ನು ಹಿಡಿಯಲಾರದೆ ಹೋದರು ಎಂದು ಅವರೇ ಬರೆದಿದ್ದಾರೆ. ಕನಸನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಭುಜದ ಕೀಲಿನಿಂದ ಕೈ ತಾನಾಗಿ ನೇತಾಡಬೇಕು ಎಂಬ ಈ ಒಂದು ಅಂಶವೇ ಅವರ ಮುಂದಿನ ಪಾಠಕ್ಕೆಲ್ಲ ಬುನಾದಿ.

ಇನ್ನು ಕತ್ತರಿಯ ವಿಷಯ. 1930ರ ದಶಕದ ಕೊನೆ, ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದ ಕಾಲ. ಹುನಾನ್ ಪ್ರಾಂತ್ಯದಲ್ಲಿ ಕಡಿಮೆ ಅವಧಿಯಲ್ಲಿ ಬಹಳ ಜನರಿಗೆ ಕಲಿಸಬೇಕಾಗಿ ಬಂತು. ಉದ್ದನೆಯ ವರಸೆಯನ್ನು ಸಮಾಧಾನದಿಂದ ಮಾಡಿದರೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು, ಕಲಿಯಲು ವರ್ಷದ ಮೇಲೆ ಹಿಡಿಯುತ್ತದೆ. ಅದರ ಲೆಕ್ಕವನ್ನು 85 ಎನ್ನುವವರಿದ್ದಾರೆ, 108 ಎನ್ನುವವರಿದ್ದಾರೆ. ಎಣಿಸುವ ರೀತಿ ಬೇರೆ ಅಷ್ಟೇ. ಅದರಲ್ಲಿ ಹೆಚ್ಚಿನವು ಮರುಕಳಿಸುವ ಭಂಗಿಗಳು. ಗುಬ್ಬಿಯ ಬಾಲ ಹಿಡಿಯುವುದು, ಒಂಟಿ ಚಾಟಿ, ಮೋಡದಂತೆ ಕೈ ಬೀಸುವುದು, ಮಂಡಿ ಸವರಿ ಹೆಜ್ಜೆ ಇಡುವುದು, ಇವು ಮತ್ತೆ ಮತ್ತೆ ಬರುತ್ತವೆ. ಚೆಂಗ್ ಮೊದಲು ಕೈಹಾಕಿದ್ದು ಈ ಮರುಕಳಿಕೆಗೆ. ಅದರ ಜೊತೆಗೆ ಸಮುದ್ರ ತಳದ ಸೂಜಿ, ಬೆನ್ನಿನಿಂದ ಬೀಸಣಿಗೆ ಬಿಚ್ಚುವುದು, ಕಾಡುಕುದುರೆಯ ಜೂಲು ಬಿಡಿಸುವುದು, ಹುಲಿಗೆ ಹೊಡೆಯುವುದು ಇಂಥವೂ ಹೋದವು.

ಏನು ಉಳಿಯಿತು ನೋಡಿ. ತೊಡೆ ನಡುಗಿಸುವ, ಹಾವಿನಂತೆ ಕೆಳಗಿಳಿಯುವ ಭಂಗಿ ಎರಡು ಸಲ ಉಳಿಯಿತು. ಚಿನ್ನದ ಹುಂಜ ಎರಡೂ ಕಾಲಿನ ಮೇಲೆ ಉಳಿಯಿತು. ಚೆಲುವೆ ನಾಲ್ಕು ಮೂಲೆಗೆ ಲಾಳಿ ಎಸೆಯುವ ಭಂಗಿ, ಅಂದರೆ 270 ಡಿಗ್ರಿ ತಿರುವುಗಳಿರುವ ಇಡೀ ವರಸೆಯ ಅತಿ ತೊಡಕಿನ ಭಾಗ, ಹಾಗೆಯೇ ಉಳಿಯಿತು. ಕಮಲವನ್ನು ಗುಡಿಸುವ ಸುತ್ತೊದೆತವೂ ಉಳಿಯಿತು. ಸುಲಭ ಮಾಡಲು ಹೊರಟವರು ಮೊದಲು ಇವನ್ನು ಎತ್ತಿ ಬಿಸಾಡುತ್ತಿದ್ದರು. ಸಮಯ ಉಳಿಸಲು ಮರುಕಳಿಕೆ ತೆಗೆದದ್ದು ಬೇರೆ, ಕಷ್ಟ ತಪ್ಪಿಸಲು ಕಷ್ಟದ್ದನ್ನು ತೆಗೆಯುವುದು ಬೇರೆ. ಚೆಂಗ್ ಮಾಡಿದ್ದು ಮೊದಲನೆಯದನ್ನು.

ಒಂದು ನಷ್ಟ ಮಾತ್ರ ನಿಜ. ಮರುಕಳಿಕೆಯಲ್ಲಿ ಕಾಲು ಗಟ್ಟಿಯಾಗುತ್ತದೆ, ಬೆವರು ಬರುತ್ತದೆ. ಅದು ಹೋದದ್ದರಿಂದ ಒಂದೇ ಸಲ ಮಾಡಿ ಮನೆಗೆ ಹೋದರೆ ವ್ಯಾಯಾಮ ಅರ್ಧ. ಇನ್ನೊಂದು, ಎಡಬಲ ಸಮವಲ್ಲ. ಒಂಟಿ ಚಾಟಿ ಯಾವಾಗಲೂ ಎಡಗಡೆಗೇ. 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ ಸಿದ್ಧಪಡಿಸಿದ 24 ಭಂಗಿಗಳ ವರಸೆಯಲ್ಲಿ ಗುಬ್ಬಿಯ ಬಾಲವನ್ನು ಎಡಕ್ಕೂ ಬಲಕ್ಕೂ ಮಾಡಿಸುತ್ತಾರೆ, ಹಿಂದೆ ಸರಿಯುವ ಹೆಜ್ಜೆಗಳೂ ಸಮ. ಕಲಿಯಲು ಅದು ನಿಜವಾಗಿಯೂ ಹೆಚ್ಚು ಸಲೀಸು. ಚೆಂಗ್ ವರಸೆ ಮಾಡುವವರಲ್ಲಿ ಕೆಲವರು ಇಡೀ ವರಸೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೂ ಅಭ್ಯಾಸ ಮಾಡುತ್ತಾರೆ. ಒಳ್ಳೆಯ ಪದ್ಧತಿ, ಆದರೆ ಮೂಲ ವರಸೆ ಕೈಗೆ ಕೂತ ಮೇಲೆ.

ಈಗ ಪಾಠದ ಗಟ್ಟಿ ಭಾಗಕ್ಕೆ ಬರೋಣ. ಚೆಂಗ್ ಅವರ ಹಿರಿಯ ಶಿಷ್ಯ ಬೆಂಜಮಿನ್ ಲೋ (1927–2018) ಇಡೀ ಪಾಠವನ್ನು ಐದು ನಿಯಮಗಳಲ್ಲಿ ಹೇಳುತ್ತಿದ್ದರು: ಸಡಿಲ ಬಿಡುವುದು, ಭಾರವನ್ನು ಬೇರ್ಪಡಿಸುವುದು, ಸೊಂಟದಿಂದ ತಿರುಗುವುದು, ಮುಂಡ ನೆಟ್ಟಗಿಡುವುದು, ಚೆಲುವೆಯ ಕೈ. ಐದೂ ಕೇಳಲು ಸರಳ. ಐದನ್ನೂ ಒಂದೇ ಗಳಿಗೆಯಲ್ಲಿ ಪಾಲಿಸಲು ಹೋದಾಗ ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಸೊಂಟ ತಿರುಗಿಸಿದರೆ ಮಂಡಿ ಒಳಕ್ಕೆ ಬೀಳುತ್ತದೆ, ಮುಂಡ ನೆಟ್ಟಗೆ ಮಾಡಿದರೆ ಭುಜ ಏಳುತ್ತದೆ.

ಭಾರದಿಂದ ಶುರುಮಾಡುವುದು ಸರಿ, ಯಾಕೆಂದರೆ ಉಳಿದ ತಪ್ಪುಗಳ ಬೇರು ಅಲ್ಲೇ ಇರುತ್ತದೆ. ಬಿಲ್ಲು ಹೆಜ್ಜೆ, ಅಂದರೆ ಒಂದು ಕಾಲು ಮುಂದಿಟ್ಟು ಅದರ ಮಂಡಿ ಮಡಚುವ ಹೆಜ್ಜೆ, ಮುಗಿದಾಗ ಮುಂದಿನ ಕಾಲಿನಲ್ಲಿ 70 ಪಾಲು, ಹಿಂದಿನದರಲ್ಲಿ 30 ಪಾಲು ಭಾರ ಇರಬೇಕು. 60 ಕೆ.ಜಿ. ತೂಗುವವರು ಒಂದೇ ಎತ್ತರದ ಎರಡು ತೂಕದ ಯಂತ್ರಗಳ ಮೇಲೆ ಹಾಗೆ ನಿಂತರೆ ಮುಂದೆ 42, ಹಿಂದೆ 18 ಕಾಣಬೇಕು. ಹೊಸಬರು ನಿಂತರೆ ಮುಂದಿನದರಲ್ಲಿ ಮೂವತ್ತೈದರ ಆಸುಪಾಸು ಬರುವುದೇ ಹೆಚ್ಚು. ಮುಂದೆ ಹೋದೆವೆಂದು ತಲೆ ತಿಳಿದಿರುತ್ತದೆ, ಸೊಂಟ ಹೋಗಿರುವುದಿಲ್ಲ. ಮುಂಡ ಬಾಗಿಸಿ ಆ ಕೊರತೆ ತುಂಬುತ್ತಾರೆ.

ಪಾದಗಳ ಲೆಕ್ಕ ಹೀಗೆ. ಮುಂದಿನ ಪಾದ ನೇರ ಮುಂದಕ್ಕೆ, ಹಿಂದಿನ ಪಾದ 45 ಡಿಗ್ರಿ ಹೊರಕ್ಕೆ, ಎರಡರ ನಡುವೆ ಅಡ್ಡಕ್ಕೆ ಭುಜದಗಲ ಜಾಗ. ಈ ಅಡ್ಡದ ಜಾಗವನ್ನೇ ಬಹಳ ಜನ ಮರೆಯುತ್ತಾರೆ. ಎರಡೂ ಹಿಮ್ಮಡಿ ಒಂದೇ ಗೆರೆಗೆ ಬಂದರೆ ಸೊಂಟ ಮುಂದಕ್ಕೆ ಪೂರ್ತಿ ತಿರುಗಲು ಜಾಗವಿರುವುದಿಲ್ಲ, ಪಕ್ಕದಿಂದ ಒಂದು ಬೆರಳು ತಾಗಿದರೂ ದೇಹ ವಾಲುತ್ತದೆ. ಹಿಂದಿನ ಪಾದ 90 ಡಿಗ್ರಿ ಹೊರಕ್ಕೆ ಉಳಿದರೆ ಇನ್ನೊಂದು ಅನಾಹುತ: ಹೊಕ್ಕುಳು ಮುಂದೆ ನೋಡುತ್ತದೆ, ಪಾದ ಪಕ್ಕಕ್ಕೆ ನೋಡುತ್ತದೆ, ನಡುವೆ ಸಿಕ್ಕಿದ ಮಂಡಿ ತಿರುಚಿಕೊಳ್ಳುತ್ತದೆ. ಅದಕ್ಕೇ ಸೊಂಟ ಮುಂದಕ್ಕೆ ತಿರುಗುವಾಗಲೇ ಹಿಂದಿನ ಪಾದದ ಬೆರಳ ತುದಿಯನ್ನು ಹಿಮ್ಮಡಿಯ ಮೇಲೆ ಒಳಕ್ಕೆ ಎಳೆದುಕೊಳ್ಳಬೇಕು.

70–30 ಎನ್ನುವುದು ಭಂಗಿ ಮುಗಿದಾಗಿನ ಲೆಕ್ಕ ಮಾತ್ರ. ನಡುವೆ, ಕಾಲು ಎತ್ತುವ ಪ್ರತಿ ಸಲವೂ ಲೆಕ್ಕ 100–0. ಎತ್ತುವ ಕಾಲು ಮೊದಲು ಪೂರ್ತಿ ಖಾಲಿಯಾಗಬೇಕು, ಇಡುವಾಗ ಖಾಲಿಯಾಗಿಯೇ ನೆಲ ಮುಟ್ಟಬೇಕು. ಹಿಮ್ಮಡಿ ತಾಗಿದ ಮೇಲೆ ಅಂಗಾಲು, ಅಂಗಾಲು ಕೂತ ಮೇಲೆ ಭಾರ. ಪರೀಕ್ಷೆ ಸುಲಭ. ಹಿಮ್ಮಡಿ ನೆಲ ಮುಟ್ಟಿದ ಕ್ಷಣದಲ್ಲಿ ಯಾರಾದರೂ ನಿಲ್ಲಿ ಎಂದರೆ, ಮುಂಡ ಅಲುಗಿಸದೆ ಆ ಕಾಲನ್ನು ಹಿಂದಕ್ಕೆ ಎತ್ತಿಕೊಳ್ಳಲು ಆಗಬೇಕು. ಆಗದಿದ್ದರೆ ಅದು ಹೆಜ್ಜೆಯಲ್ಲ, ಬೀಳುವಿಕೆ. ಇಲ್ಲಿ ತಪ್ಪಿಗೆ ಕಾರಣ ಸಮತೋಲ ಕಡಿಮೆ ಇರುವುದಲ್ಲ, ಹೆಜ್ಜೆ ಉದ್ದವಾಗಿರುವುದು. ಕೂತ ಕಾಲಿನ ಮಂಡಿ ಎಷ್ಟು ಮಡಚುತ್ತದೋ ಅಷ್ಟೇ ಉದ್ದ ಆ ದಿನದ ಹೆಜ್ಜೆ. ಚೆಂಗ್ ಶಿಷ್ಯರ ಹೆಜ್ಜೆ ಗಿಡ್ಡವಾಗಿ ಕಾಣುವುದಕ್ಕೆ ಇದೇ ಕಾರಣ. ನೋಡುವವರಿಗೆ ಗಿಡ್ಡ ಎನ್ನಿಸುವ ಹೆಜ್ಜೆ ಮಾಡುವವರ ತೊಡೆಗೆ ಗಿಡ್ಡವಲ್ಲ.

ತಿರುಗುವಾಗಲೂ ಅದೇ ನಿಯಮ. ಖಾಲಿ ಪಾದ ತಿರುಗಲಿ, ಭಾರ ಹೊತ್ತ ಪಾದ ತಿರುಗಬಾರದು. ಒಂಟಿ ಚಾಟಿಗೆ ಹೋಗುವಾಗ ಮೊದಲು ಎಡಗಾಲಿನ ಮೇಲೆ ಪೂರ್ತಿ ಕೂತು, ಹಗುರಾದ ಬಲಪಾದದ ತುದಿಯನ್ನು ಒಳಕ್ಕೆ ಚೆನ್ನಾಗಿ ತಿರುಗಿಸಿ, ಆಮೇಲೆ ಭಾರವನ್ನು ಬಲಗಾಲಿಗೆ ದಾಟಿಸಬೇಕು. ಒಳಕ್ಕೆ ಅರೆಬರೆ ತಿರುಗಿಸಿದರೆ ಮುಂದಿನ ಎಡಹೆಜ್ಜೆ ಇಡುವಾಗ ತೊಡೆಸಂದು ಬಿಚ್ಚಿಕೊಳ್ಳುವುದಿಲ್ಲ, ಆ ಕೊರತೆಯನ್ನು ಮಂಡಿ ತೀರಿಸುತ್ತದೆ. ನಾಲ್ಕು ಮೂಲೆಯ ಲಾಳಿಯಲ್ಲಿ ಹೆಜ್ಜೆ ಮೂಲೆಗೆ ಮುಟ್ಟದೆ ಅಡ್ಡಾದಿಡ್ಡಿ ಬೀಳುವುದಕ್ಕೂ ಇದೇ ಕಾರಣ. ಹಾವಿನಂತೆ ಕೆಳಗಿಳಿಯುವಾಗ ಮಾತ್ರ ಉಲ್ಟಾ: ಇಳಿಯುವ ಮೊದಲು ಬಲಪಾದದ ತುದಿಯನ್ನು ಹೊರಕ್ಕೆ ಬಿಚ್ಚಬೇಕು. ಬಿಚ್ಚದೆ ಕೂತವರ ಬಲಮಂಡಿ ಒಳಕ್ಕೆ ಕುಸಿಯುತ್ತದೆ. ಈ ವರಸೆಯಲ್ಲಿ ಮಂಡಿ ಹಾಳುಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಎಷ್ಟು ಕೆಳಗೆ ಇಳಿದಿರಿ ಎಂದು ಯಾರೂ ಅಳೆಯುತ್ತಿಲ್ಲ. ತೊಡೆ ಅರ್ಧಕ್ಕೆ ಬಂದರೂ ಸಾಕು.

ಸೊಂಟ ತಿರುಗಿಸು ಎಂದಾಗ ಹೆಚ್ಚಿನವರು ಭುಜ ತಿರುಗಿಸುತ್ತಾರೆ. ಕೆಲವರು ಮಂಡಿ ತಿರುಗಿಸುತ್ತಾರೆ. ನಿಜವಾಗಿ ತಿರುಗಬೇಕಾದ್ದು ತೊಡೆಸಂದಿನ ಒಳಗಿರುವ ಕೀಲು. ಮಂಡಿ ಬಾಗಿಲ ಬಿಜಾಗರಿಯ ಹಾಗೆ ಒಂದೇ ದಿಕ್ಕಿಗೆ ಮಡಚುವ ಕೀಲು, ಅದಕ್ಕೆ ತಿರುಚಾಟ ಹೇಳಿಸಿದ್ದಲ್ಲ. ಮೂಗು, ಹೊಕ್ಕುಳು ಎರಡೂ ಒಂದೇ ಕಡೆ ನೋಡುತ್ತಿರಬೇಕು, ಭಾರದ ಕಾಲಿನ ಮಂಡಿಚಿಪ್ಪು ಆ ಪಾದದ ನಡುಬೆರಳ ದಿಕ್ಕಿಗೇ ಇರಬೇಕು. ಕೆಳಗೆ ನೋಡಿದಾಗ ಹೆಬ್ಬೆರಳು ಕಾಣದೆ ಮಂಡಿಯ ಮರೆಗೆ ಹೋಗಿದ್ದರೆ ಒಂದೋ ಮಂಡಿ ಬೆರಳ ತುದಿ ದಾಟಿದೆ, ಇಲ್ಲವೇ ಒಳಕ್ಕೆ ಬಿದ್ದಿದೆ.

ಕೈಯ ವಿಷಯದಲ್ಲಿ ಚೆಂಗ್ ಗುರುವಿನಿಂದ ನೇರವಾಗಿಯೇ ಬೇರೆಯಾದರು. ಯಾಂಗ್ ಚೆಂಗ್‌ಫು ಅವರ ಫೋಟೊಗಳಲ್ಲಿ ಅಂಗೈ ತಳ್ಳುವಾಗ ಮಣಿಕಟ್ಟು ಮೇಲಕ್ಕೆ ಮಡಚಿ ಬೆರಳು ನೆಟ್ಟಗೆ ನಿಂತಿರುವುದು ಕಾಣುತ್ತದೆ. ಚೆಂಗ್ ಅದನ್ನು ನೇರ ಮಾಡಿದರು. ಮುಂಗೈ ಮೇಲ್ಭಾಗದಿಂದ ಬೆರಳ ಬುಡದ ತನಕ ಒಂದೇ ಗೆರೆ, ಹಿಂಗೈಯಲ್ಲಿ ನರ ಎದ್ದು ಕಾಣಬಾರದು, ಬೆರಳು ಬಿಗಿಯೂ ಅಲ್ಲ ಜೋತೂ ಅಲ್ಲ. ಇದೇ ಚೆಲುವೆಯ ಕೈ. ಒಂಟಿ ಚಾಟಿಯಲ್ಲಿ ಬಲಗೈಯ ಕೊಕ್ಕೆ ಮಾತ್ರ ಇದಕ್ಕೆ ಅಪವಾದ. ಕಾರಣ ಚೆಂಗ್ ವೈದ್ಯರಂತೆ ಹೇಳಿದರು, ಬೆರಳ ತುದಿಗೆ ರಕ್ತ ಮತ್ತು ಚಿ (ಚೀನೀ ವೈದ್ಯ ಹೇಳುವ ಪ್ರಾಣಶಕ್ತಿ) ಹರಿಯಲು ಅಡ್ಡಿ ಇರಬಾರದು ಎಂದು. ಚಿ ಎಂಬುದನ್ನು ಒಪ್ಪದವರಿಗೂ ಇದರ ಪ್ರಯೋಜನ ಕೈಯಲ್ಲೇ ಗೊತ್ತಾಗುತ್ತದೆ. ಮಣಿಕಟ್ಟು ಮಡಚಿ ಅರ್ಧ ನಿಮಿಷ ನಿಲ್ಲಿ, ಮುಂಗೈ ಬಿಗಿಯುತ್ತದೆ, ಅದರ ಹಿಂದೆಯೇ ಮೊಣಕೈ ಹೊರಕ್ಕೆ, ಭುಜ ಮೇಲಕ್ಕೆ. ನೇರ ಮಾಡಿ, ಮೂರೂ ಇಳಿಯುತ್ತವೆ. ಯಾಂಗ್ ಮನೆತನದ ಶಾಖೆಯವರು ನೇರ ಮಣಿಕಟ್ಟಿನಲ್ಲಿ ಅಂಗೈಯ ಕಸುವು ಹೋಗುತ್ತದೆ ಎಂದು ಆಕ್ಷೇಪಿಸುತ್ತಾರೆ. ಹೊಡೆತದ ದೃಷ್ಟಿಯಿಂದ ಆ ಮಾತಿನಲ್ಲಿ ಹುರುಳಿದೆ. ಕಲಿಯುವವನ ಭುಜ ಇಳಿಸುವ ದೃಷ್ಟಿಯಿಂದ ಚೆಂಗ್ ಸರಿ.

ಉಸಿರಿನ ಬಗ್ಗೆ ಆರಂಭದಲ್ಲಿ ಹೇಳಬೇಕಾದ್ದು ಕಡಿಮೆ. ಮೂಗಿನಿಂದ, ತಾನಾಗಿ, ಕಿಬ್ಬೊಟ್ಟೆಯ ತನಕ. ಪ್ರಾಣಾಯಾಮ ಕಲಿತು ಬಂದವರು ಇಲ್ಲಿ ಉಸಿರನ್ನು ಎಣಿಸಲು, ಹಿಡಿಯಲು ಹೋಗುತ್ತಾರೆ. ಅದರ ಅಗತ್ಯವಿಲ್ಲ.

ವರಸೆ ಒಬ್ಬರೇ ಮಾಡುವುದು. ಅದು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಕೈತಳ್ಳಾಟ. ಇಬ್ಬರು ಎದುರುಬದುರು ನಿಂತು, ಮುಂಗೈ ಮುಂಗೈಗೆ ಅಂಟಿಸಿ, ಗುಬ್ಬಿಯ ಬಾಲದಲ್ಲಿ ಬರುವ ನಾಲ್ಕು ಪಟ್ಟುಗಳನ್ನೇ ಸುತ್ತಿ ಸುತ್ತಿ ಮಾಡುತ್ತಾರೆ: ಎತ್ತಿ ತಡೆಯುವುದು, ಹಿಂದಕ್ಕೆ ಉರುಳಿಸಿಕೊಳ್ಳುವುದು, ಒತ್ತುವುದು, ತಳ್ಳುವುದು. ಹಳೆಯ ಗ್ರಂಥಗಳಲ್ಲಿ ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ಭಾರ ಸರಿಸುವ ಮಾತು ಬರುತ್ತದೆ. ನಾಲ್ಕು ಲಿಯಾಂಗ್ ಎಂದರೆ ಸುಮಾರು 150 ಗ್ರಾಂ, ಸಾವಿರ ಜಿನ್ ಎಂದರೆ ನೂರಾರು ಕೆ.ಜಿ. ಬೇರೆಯವರು ಇದನ್ನು ಆದರ್ಶ ಎಂದು ಹೇಳಿ ಮುಂದೆ ಹೋದರೆ ಚೆಂಗ್ ನಿಯಮ ಮಾಡಿದರು. ಅದಕ್ಕಿಂತ ಹೆಚ್ಚು ಬಲ ಹಾಕಬೇಡಿ, ಎದುರಾಳಿ ಅದಕ್ಕಿಂತ ಹೆಚ್ಚು ಹಾಕಿದರೆ ಅದು ನಿಮ್ಮ ಮೈಮೇಲೆ ನಿಲ್ಲಲು ಬಿಡಬೇಡಿ.

ಇದರ ಪರಿಣಾಮ ಏನೆಂದರೆ ಹೊಸಬರು ಸೋಲುತ್ತಲೇ ಇರುತ್ತಾರೆ. ಚೆಂಗ್ ಬಯಸಿದ್ದೂ ಅದನ್ನೇ. ಸೋಲನ್ನು ಬಂಡವಾಳದಂತೆ ಹೂಡಬೇಕು ಎಂಬುದು ಅವರ ಪಾಠದಲ್ಲಿ ಅತಿ ಹೆಸರಾದ ಮಾತು. ಇದರ ಹಿಂದಿನ ಲೆಕ್ಕ ತೀರಾ ವ್ಯಾವಹಾರಿಕ. ತಳ್ಳಿಸಿಕೊಳ್ಳಬಾರದೆಂದು ತೋಳು ಬಿಗಿದ ಕೂಡಲೇ ಆ ಕೈ ಕಿವುಡಾಗುತ್ತದೆ, ಎದುರಿನವನ ಭಾರ ಯಾವ ಕಾಲಿನಲ್ಲಿದೆ, ಯಾವ ಕಡೆಗೆ ಹೊರಟಿದೆ ಎಂಬುದು ತಿಳಿಯುವುದಿಲ್ಲ. ತೋಳ್ಬಲದಿಂದ ಗೆದ್ದವನಿಗೆ ಆ ದಿನ ಗೆಲುವು ಸಿಗುತ್ತದೆ, ಆದರೆ ಅದೇ ತಪ್ಪು ಅವನ ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಗರಡಿಯಲ್ಲಿ ಮಣ್ಣು ಮೆತ್ತಿಸಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೋಲುವುದಕ್ಕೂ ಕ್ರಮವಿದೆ. ತಳ್ಳು ಬಂದಾಗ ಮೊದಲು ಹಿಂದಿನ ಕಾಲಿನ ಮೇಲೆ ಕೂರಬೇಕು, ಕೂರುತ್ತಲೇ ಸೊಂಟ ತಿರುಗಬೇಕು, ತಳ್ಳು ಪಕ್ಕಕ್ಕೆ ಜಾರಿಹೋಗಬೇಕು. ಮುಂಡ ನೆಟ್ಟಗೇ ಇರಬೇಕು. ಹಿಂದಿನ ಮಂಡಿ ಆ ಪಾದದ ತುದಿಯ ಮೇಲೆ ಬಂದ ಮೇಲೆ ಇನ್ನು ಜಾಗವಿಲ್ಲ. ಅಲ್ಲಿಗೂ ತಪ್ಪಿಸಲಾಗದಿದ್ದರೆ ಒಂದು ಹೆಜ್ಜೆ ಹಿಂದಿಟ್ಟು ಸೋತೆ ಎಂದುಬಿಡಬೇಕು. ಸಾಮಾನ್ಯವಾಗಿ ಆಗುವುದು ಬೇರೆ. ಸೋಲದಿರಲು ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುತ್ತಾರೆ, ನಡು ಹಾವಿನಂತೆ ಬಳುಕಿಸುತ್ತಾರೆ, ತಳ್ಳುವವರು ಮುಗ್ಗರಿಸಿದಾಗ ಅದನ್ನೇ ಜಾಣತನ ಎಂದುಕೊಳ್ಳುತ್ತಾರೆ. ಚೆಂಗ್ ಪರಂಪರೆಗೆ ಅಂಟಿದ ದೊಡ್ಡ ಜಾಡ್ಯ ಇದು. ಸಡಿಲ ಎಂಬುದನ್ನು ಕುಸಿತ ಎಂದು ಅರ್ಥಮಾಡಿಕೊಂಡವರು ಹೆಚ್ಚು. ತೋಳು ಎದೆಗೆ ಅಂಟಿಹೋಗುತ್ತದೆ, ಕಂಕುಳು ಮುಚ್ಚುತ್ತದೆ. ಸರಿಯಾದ ಸಡಿಲದಲ್ಲಿ ಕಂಕುಳಲ್ಲಿ ಒಂದು ಮೊಟ್ಟೆ ಹಿಡಿಸುವಷ್ಟು ಜಾಗ ಯಾವಾಗಲೂ ಇರುತ್ತದೆ, ಮುಂಗೈ ತಳ್ಳಿದರೆ ಆ ಒತ್ತಡ ಹಿಂದಿನ ಹಿಮ್ಮಡಿಗೆ ಇಳಿಯುತ್ತದೆ.

1949ರಲ್ಲಿ ಚೆಂಗ್ ತೈವಾನಿಗೆ ಹೋದರು, ತೈಪೆಯಲ್ಲಿ ಶಿ ಝೊಂಗ್ ಎಂಬ ಸಂಸ್ಥೆ ಕಟ್ಟಿ ಕಲಿಸಿದರು. ಬೆಂಜಮಿನ್ ಲೋ ಅಲ್ಲಿ ಮೊದಲು ಬಂದದ್ದು ರೋಗಿಯಾಗಿ. ಔಷಧಿ ತಡೆದುಕೊಳ್ಳುವಷ್ಟು ಶಕ್ತಿ ದೇಹದಲ್ಲಿಲ್ಲ, ಮೊದಲು ತಾಯ್ ಚಿ ಮಾಡು ಎಂದರಂತೆ ಚೆಂಗ್. ಫುಜಿಯಾನಿನ ಬಿಳಿ ಕೊಕ್ಕರೆ ಶೈಲಿಯಲ್ಲಿ ಆಗಲೇ ಹೆಸರಾಗಿದ್ದ ಹುವಾಂಗ್ ಶೆಂಗ್‌ಶ್ಯಾನ್ ಅದನ್ನು ಬದಿಗಿಟ್ಟು ಇವರ ಬಳಿ ಮೊದಲಿನಿಂದ ಕಲಿತರು.

1964ರಲ್ಲಿ ನ್ಯೂಯಾರ್ಕ್. ಚೈನಾಟೌನಿನಲ್ಲಿ ಪಾಠ ಶುರುವಾದಾಗ ಉದ್ದ ಕೂದಲಿನ ಅಮೆರಿಕನ್ ಹುಡುಗ ಹುಡುಗಿಯರು, ನರ್ತಕರು, ಕಲಾವಿದರು ಬಂದು ಸೇರಿದರು. ಚೆಂಗ್ ಯಾರನ್ನೂ ಬೇಡ ಎನ್ನಲಿಲ್ಲ. ಇದು ಅಲ್ಲಿನ ಚೀನೀಯರಲ್ಲಿ ಹಲವರಿಗೆ ಹಿಡಿಸಲಿಲ್ಲ, ಮನಸ್ತಾಪ ಬೆಳೆದು ಶಾಲೆ ಬೌರಿ ಬೀದಿಯ ಬೇರೆ ಜಾಗಕ್ಕೆ ಹೋಯಿತು. ಆಗಿನ ಕಾಲಕ್ಕೆ ಇದು ಸಣ್ಣ ನಿರ್ಧಾರವಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಿಷ್ಯರೇ ಅನುವಾದಿಸುತ್ತಿದ್ದರು. ಅವರಲ್ಲಿ ಒಬ್ಬರು ಎಡ್ ಯಂಗ್, ಮುಂದೆ ಮಕ್ಕಳ ಪುಸ್ತಕಗಳ ಚಿತ್ರಕಾರರಾಗಿ ದೊಡ್ಡ ಹೆಸರು ಮಾಡಿದವರು. ಭಾಷೆ ಇಲ್ಲದ್ದು ಪಾಠಕ್ಕೆ ಒಳ್ಳೆಯದೇ ಆಯಿತು ಎನ್ನಬೇಕು. ಹೊಸಬರಿಗೆ ಭಂಗಿಗಳನ್ನು ಹೇಳಿಕೊಡುವ ಕೆಲಸ ಹಿರಿಯ ಶಿಷ್ಯರದು. ಮೇಷ್ಟ್ರು ನೋಡುತ್ತಿದ್ದು, ಬೇಕಾದಲ್ಲಿ ಬೆರಳಿನಿಂದ ತೋರಿಸಿ ತಿದ್ದುತ್ತಿದ್ದರು. ಅದೇ ಶಾಲೆಯಲ್ಲಿ ಲಿಪಿಕಲೆಯ ಪಾಠ, ಕನ್‌ಫ್ಯೂಷಿಯಸ್ ಮತ್ತು ಲಾವೋತ್ಸೆಯ ಮೇಲೆ ಉಪನ್ಯಾಸ. ಕ್ರಮ ಮೂರು ಹಂತದ್ದು: ವರಸೆ, ಕೈತಳ್ಳಾಟ, ಕತ್ತಿ. ವರಸೆ ಒಮ್ಮೆ ಮುಗಿದರೆ ಮುಗಿಯಿತೆಂದಲ್ಲ, ಮೊದಲಿನಿಂದ ತಿದ್ದುಪಡಿ ಶುರು. 1975ರ ಮಾರ್ಚ್‌ನಲ್ಲಿ ತೈವಾನಿನಲ್ಲಿ ತೀರಿಕೊಳ್ಳುವ ತನಕ ಈ ಕ್ರಮ ಬದಲಾಗಲಿಲ್ಲ.

ಶಿಷ್ಯರು ಮಾತ್ರ ಒಬ್ಬರಂತೆ ಒಬ್ಬರಿಲ್ಲ. ಸಾನ್‌ಫ್ರಾನ್ಸಿಸ್ಕೊದಲ್ಲಿ ನೆಲೆಸಿದ ಲೋ ಪ್ರತಿ ಭಂಗಿಯಲ್ಲೂ ಶಿಷ್ಯರನ್ನು ನಿಲ್ಲಿಸಿ, ತೊಡೆ ಉರಿದು ನಡುಗುವ ತನಕ ಬಿಡುತ್ತಿರಲಿಲ್ಲ. ಹೋದ ಮರುಕಳಿಕೆಯ ಕಸರತ್ತನ್ನು ನಿಲುವಿನಿಂದ ವಾಪಸು ತಂದರು ಎನ್ನಬಹುದು. ನ್ಯೂಯಾರ್ಕಿನ ವಿಲಿಯಂ ಚೆನ್ ವರಸೆಯನ್ನು 60 ಚಲನೆಗಳಾಗಿ ಬಿಡಿಸಿ ಗುದ್ದಾಟದ ಕಡೆಗೆ ಹೊರಳಿಸಿದರು. ಹುವಾಂಗ್ ಸಿಂಗಪುರ, ಮಲೇಷ್ಯಾಗಳಲ್ಲಿ ಕಲಿಸುತ್ತ, ಮೈ ಸಡಿಲಿಸುವ ಐದು ಅಭ್ಯಾಸಗಳನ್ನು ವರಸೆಗೆ ಮುಂಚೆ ಸೇರಿಸಿದರು. ಆ ಭಾಗದ ಕ್ಲಾಸುಗಳಲ್ಲಿ ಈಗಲೂ ಮೊದಲ ಪಾಠ ಹೆಚ್ಚಾಗಿ ಅದೇ. ಸಡಿಲ ಬಿಡು ಎಂದು ಹೇಳುವುದಕ್ಕಿಂತ ಸಡಿಲವಾಗುವ ದಾರಿ ತೋರಿಸುವುದು ಮೇಲು ಎಂದು ನೋಡಿದರೆ, ಕಲಿಸುವ ವಿಷಯದಲ್ಲಿ ಹುವಾಂಗ್ ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋದರು ಎಂಬುದು ನಮ್ಮ ಅಭಿಪ್ರಾಯ.

ಕಡಿಮೆ ಭಂಗಿಗಳಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಬೇರೊಂದು ಕಡೆಯಿಂದಲೂ ಉತ್ತರ ಬಂದಿದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾರ್ಕಿನ್‌ಸನ್ ಕಾಯಿಲೆಯ 195 ಜನರ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ಕಲಿಸಿದ್ದು ಬೆರಳೆಣಿಕೆಯ ಚಲನೆಗಳನ್ನು ಮಾತ್ರ, ಆದರೆ ಭಾರ ದಾಟಿಸುವುದಕ್ಕೆ ಒತ್ತು. ನಿಲುವಿನ ಸಮತೋಲದಲ್ಲಿ ತಾಯ್ ಚಿ ಗುಂಪು ತೂಕದ ವ್ಯಾಯಾಮದವರಿಗಿಂತಲೂ ಮೈ ಚಾಚುವ ವ್ಯಾಯಾಮದವರಿಗಿಂತಲೂ ಮುಂದಿತ್ತು. ಅಲ್ಲಿ ಬಳಸಿದ್ದು ಚೆಂಗ್ ವರಸೆಯಲ್ಲ, ಕಾಯಿಲೆಗೆಂದೇ ಹೊಂದಿಸಿದ ಕ್ರಮ. ಆದ್ದರಿಂದ ಇದನ್ನು ತಮ್ಮ ಶೈಲಿಯ ಗೆಲುವು ಎಂದು ಯಾರೂ ಫಲಕ ಬರೆಸಬೇಕಿಲ್ಲ.

ಈ ಪರಂಪರೆಯ ಕ್ಲಾಸಿಗೆ ಸೇರುವವರು ಮೊದಲ ದಿನ ಮೇಷ್ಟ್ರ ಕೈ ನೋಡುವುದು ಬಿಟ್ಟು ಕಾಲು ನೋಡಲಿ. ಅವರ ಹೆಜ್ಜೆ ಸದ್ದಿಲ್ಲದೆ ಬೀಳುತ್ತದೆಯೇ, ಮಂಡಿ ಪಾದದ ದಿಕ್ಕಿಗಿದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಒಂದೇ ದಿನಕ್ಕೆ ನಾಲ್ಕೈದು ಭಂಗಿ ಹೇಳಿಕೊಡುವವರಿದ್ದರೆ ಅನುಮಾನಿಸಿ. ವಾರಕ್ಕೆ ಒಂದೆರಡು ಸಾಕು. ಕೈತಳ್ಳಾಟ ಕಲಿಸುತ್ತೀರಾ ಎಂದು ಕೇಳಿ. ಇಲ್ಲ ಎಂದರೂ ಸೇರಬಹುದು, ಆದರೆ ವರಸೆಯ ತಪ್ಪುಗಳನ್ನು ತೋರಿಸುವ ಪರೀಕ್ಷೆ ಅಲ್ಲಿ ಸಿಗುವುದಿಲ್ಲ ಎಂದು ತಿಳಿದಿರಲಿ.

ಮನೆಯ ಅಭ್ಯಾಸಕ್ಕೆ ಎರಡೂವರೆ ಮೀಟರ್ ಜಾಗ ಸಾಕು, ಗೋಡೆ ಬಂದಾಗ ಒಂದು ಹೆಜ್ಜೆ ಹಿಂದೆ ಬಂದು ಮುಂದುವರಿಸಬಹುದು. ಬೂಟಿನ ಹಿಮ್ಮಡಿ ಎತ್ತರವಿರಬಾರದು. ದಪ್ಪ ರಬ್ಬರಿನ ಓಟದ ಬೂಟುಗಳು ನೆಲಕ್ಕೆ ಕಚ್ಚಿಕೊಂಡು ಪಾದ ತಿರುಗಲು ಬಿಡುವುದಿಲ್ಲ, ಮಂಡಿಗೆ ತಿರುಚು ಬೀಳುತ್ತದೆ. ನುಣುಪಾದ ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾಡುವುದು ಇನ್ನೂ ಕೆಟ್ಟದ್ದು. ಮೊದಲ ತಿಂಗಳು ವರಸೆಗೆ ಮುಂಚೆ ಒಂದೊಂದು ಕಾಲಿನ ಮೇಲೆ ಒಂದೊಂದು ನಿಮಿಷ ನಿಲ್ಲುವುದನ್ನು ರೂಢಿಸಿಕೊಳ್ಳಿ, ಕೈ ಎತ್ತಿ ನಿಲ್ಲುವ ಭಂಗಿಯಲ್ಲೋ ಪಿಪಾ ಎಂಬ ಚೀನೀ ತಂತಿವಾದ್ಯ ನುಡಿಸುವ ಭಂಗಿಯಲ್ಲೋ. ಮುಂದಿನ ಹಿಮ್ಮಡಿ ನೆಲಕ್ಕೆ ತಾಗಿರಲಿ, ಭಾರ ಇರದಿರಲಿ. ತೊಡೆಯ ಸ್ನಾಯು ಉರಿದರೆ ಮುಂದುವರಿಸಿ. ಮಂಡಿಚಿಪ್ಪಿನ ಸುತ್ತ ಅಥವಾ ಮಂಡಿಯ ಒಳಬದಿಯಲ್ಲಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಎರಡು ಬೆರಳಷ್ಟು ಮೇಲೆದ್ದು, ಮಂಡಿ ಪಾದದ ನೇರಕ್ಕಿದೆಯೇ ನೋಡಿ ಮತ್ತೆ ಕೂತುಕೊಳ್ಳಿ. ಮೇಲೆದ್ದ ಮೇಲೂ ನೋವು ಉಳಿದರೆ ಆ ದಿನ ಅಷ್ಟೇ, ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.